ಯುಕುಲೆಲೆ: ಕೈಗೆ ಒಗ್ಗುವ ಅಳತೆಯೇ ಸರಿ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಲ್ಲಿ ಕೂತು ಆನ್‌ಲೈನಿನಲ್ಲಿ ಯುಕುಲೆಲೆ ಎಂಬ ಪುಟ್ಟ ತಂತಿವಾದ್ಯ ತರಿಸುವ ಮುನ್ನ ಒಂದು ಮಾತು: ಬಣ್ಣ, ಬೆಲೆಗಿಂತ ಮೊದಲು ಅಳತೆ ನೋಡಿ.

ಸುಮಾರು 21 ಇಂಚಿನದು ಸೊಪ್ರಾನೊ, 23ರದು ಕನ್ಸರ್ಟ್, 26ರದು ಟೆನರ್, 30ರದು ಬ್ಯಾರಿಟೋನ್. ಚಿಕ್ಕ ಮಕ್ಕಳ ಕೈಗೆ ಸೊಪ್ರಾನೊ ಚೆನ್ನ. ಬೆರಳು ದಪ್ಪವಿರುವ ದೊಡ್ಡವರಿಗೆ ಅದರ ಮೆಟ್ಟುಗಳು ಇಕ್ಕಟ್ಟು. ಒಂದು ತಂತಿ ಒತ್ತಲು ಹೋದರೆ ಪಕ್ಕದ್ದಕ್ಕೂ ಬೆರಳು ತಾಗಿ ನಾದವೇ ಹೊರಡುವುದಿಲ್ಲ. ಅಂಥವರು ಕನ್ಸರ್ಟ್ ಅಥವಾ ಟೆನರ್ ಕೊಳ್ಳಲಿ. ಸೊಪ್ರಾನೊ, ಕನ್ಸರ್ಟ್, ಟೆನರ್ ಮೂರಕ್ಕೂ ಸಾಮಾನ್ಯವಾಗಿ ಶ್ರುತಿ ಒಂದೇ: ಜಿ, ಸಿ, ಇ, ಎ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲೂ ನಡೆಯುತ್ತದೆ. ಬ್ಯಾರಿಟೋನಿನದು ಡಿ, ಜಿ, ಬಿ, ಇ. ಕಲಿಯಲು ಶುರುಮಾಡುವಾಗ ಅದು ಬೇಡ.

ತುಮಕೂರಿಗೋ ಬೆಂಗಳೂರಿಗೋ ಹೋದಾಗ ಅಂಗಡಿಯಲ್ಲೇ ಎದೆಗಾನಿಸಿ ಹಿಡಿದು ನೋಡಿ. ಮೊದಲ ಮೂರು ಮೆಟ್ಟುಗಳಿಗೆ ಬೆರಳು ಸಲೀಸಾಗಿ ತಲುಪಬೇಕು. ಮಣಿಕಟ್ಟು ತಿರುಚಬಾರದು, ಹೆಗಲು ಬಿಗಿಯಬಾರದು.

ಕೊಂಡ ಮೇಲೆ ಜೋಪಾನವೂ ಬೇಕು. ನಮ್ಮ ಕಡೆ ಬಿಸಿಲು ಜಾಸ್ತಿ. ಸಿದ್ದರಬೆಟ್ಟಕ್ಕೆ ಒಯ್ದರೆ ತಪ್ಪಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹತ್ತಬೇಡಿ. ಕಾವಿಗೆ ಮರ ಸೊಟ್ಟಗಾಗಬಹುದು, ಅಂಟು ಬಿಟ್ಟುಕೊಳ್ಳಬಹುದು. ಅಳತೆ ಒಗ್ಗಿದರೆ ಅಭ್ಯಾಸ ತಾನಾಗಿ ಕೈಹಿಡಿಯುತ್ತದೆ. ಅದಕ್ಕೇ ಅವಸರ ಬೇಡ, ಹಿಡಿದು ನೋಡಿಯೇ ಕೊಳ್ಳಿ.