ಹಿತ್ತಲ ತೋಟವೂ ತಾಯಿಯ ರಕ್ತವೂ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ದಂಪತಿಗಳು ಈ ಪಾಠವನ್ನು ಇಬ್ಬರೂ ಕುಳಿತು ಓದಬೇಕೆಂದು ಕೋರಿಕೆ. ಗರ್ಭಿಣಿ ಸ್ತ್ರೀಯರು ತಪಾಸಣೆಗಾಗಿ ಆರೋಗ್ಯ ಕೇಂದ್ರಕ್ಕೆ ಬಂದಾಗ ಅವರ ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ತೆಗೆದು ಪರೀಕ್ಷಿಸುವುದು ವಾಡಿಕೆ. ಅದರಲ್ಲಿ ಹಿಮೋಗ್ಲೋಬಿನ್ ಅಂಶವು 11 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. 7 ಗ್ರಾಂಗಿಂತಲೂ ಕೆಳಗಿಳಿದರೆ ಹೆರಿಗೆಯ ಕಾಲದಲ್ಲಿ ತಾಯಿಯ ಪ್ರಾಣಕ್ಕೇ ಅಪಾಯವುಂಟು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದ್ದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ನಮ್ಮದು ಹಸಿರಿನ ಸೀಮೆ. ಮಳೆಗೆ ಕೊರತೆಯಿಲ್ಲ, ಮಣ್ಣಿಗೆ ಕೊರತೆಯಿಲ್ಲ, ಮನೆಯ ಹಿಂದೆ ಜಾಗಕ್ಕೂ ಕೊರತೆಯಿಲ್ಲ. ಹೀಗಿದ್ದರೂ ಅಡಿಕೆಗೆ ಬೆಲೆ ಬಂದಂತೆಲ್ಲ ಹಿತ್ತಲು ಕಿರಿದಾಯಿತು. ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಎಲೆಕೋಸು, ಟೊಮೆಟೊಗಳಿಗಾಗಿ ನಾವು ಸಂತೆಯ ದಿನವನ್ನು ಕಾಯುವಂತಾಗಿದೆ. ಆಷಾಢದ ಮಳೆಯಲ್ಲಿ ಎಷ್ಟೋ ಮನೆಗಳಲ್ಲಿ ಅನ್ನ, ಸಾರು, ಮಿಡಿ ಉಪ್ಪಿನಕಾಯಿ ಇಷ್ಟರಲ್ಲೇ ಊಟ ಮುಗಿಯುತ್ತದೆ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಹಳೆಯ ಪದ್ಧತಿ, ಹೊಸ ಹೆಸರು

ಮನೆಯಿಂದ ಹೊರಬೀಳುವ ನೀರು, ಬೂದಿ, ಸಿಪ್ಪೆ, ಸೆಗಣಿ ಯಾವುದನ್ನೂ ವ್ಯರ್ಥಗೊಳಿಸದೆ ಮಣ್ಣಿಗೆ ಹಿಂದಿರುಗಿಸಿ, ಆ ಮಣ್ಣಿನಿಂದಲೇ ಅಡಿಗೆಮನೆಗೆ ಬೇಕಾದುದನ್ನು ಪಡೆಯುವ ಕ್ರಮವೊಂದುಂಟು. ಆಸ್ಟ್ರೇಲಿಯಾ ದೇಶದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬುವರು 1970ರ ದಶಕದಲ್ಲಿ ಇದಕ್ಕೆ ‘ಪರ್ಮಾಕಲ್ಚರ್’ ಎಂದು ಹೆಸರಿಟ್ಟು, 1978ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಹೆಸರು ಹೊಸದಾದರೂ ನಮ್ಮ ಅಜ್ಜಿಯಂದಿರ ಹಿತ್ತಲು ಇದಕ್ಕಿಂತ ಬೇರೆಯಾಗಿರಲಿಲ್ಲ. ಬಚ್ಚಲ ನೀರಿಗೆ ಬಾಳೆ, ಬಾಳೆಯ ನೆರಳಿಗೆ ಕೆಸು, ಬಾವಿಕಟ್ಟೆಯ ತೇವಕ್ಕೆ ಒಂದೆಲಗ, ಚಪ್ಪರಕ್ಕೆ ಬಸಳೆ, ಬೇಲಿಗೆ ಚಕ್ರಮುನಿ. ನೆರೆಯ ಶಿರಸಿಯಲ್ಲಿ 2001ರಿಂದ ‘ವನಸ್ತ್ರೀ’ ಎಂಬ ಮಹಿಳೆಯರ ಕೂಟವು ಇಂತಹ ಹಿತ್ತಲುಗಳ ಬೀಜಗಳನ್ನು ಉಳಿಸಿ ಹಂಚುವ ಕಾರ್ಯವನ್ನು ಕೈಗೊಂಡಿದೆ. ತೀರ್ಥಹಳ್ಳಿಯ ಕೃಷಿ ಪ್ರಯೋಗ ಪರಿವಾರವು ಸಾವಯವ ಬೇಸಾಯದ ತಿಳಿವಳಿಕೆಯನ್ನು ಹರಡುತ್ತ ಬಂದಿದೆ. ವೈದ್ಯನಾದ ನಾನು ಬೇಸಾಯವನ್ನು ಕಲಿಸಲು ಹೊರಟವನಲ್ಲ. ಹಿತ್ತಲಿನಿಂದ ತಟ್ಟೆಗೆ ಬರುವ ದಾರಿಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಕೆಲವು ವಿಷಯಗಳುಂಟು. ಅವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ನೀರು. ಬಚ್ಚಲಿನ ಹಾಗೂ ಪಾತ್ರೆ ತೊಳೆದ ನೀರನ್ನು ಬಾಳೆ, ತೆಂಗು, ಪಪ್ಪಾಯಿ, ಕೆಸುಗಳಿಗೆ ಧಾರಾಳವಾಗಿ ಹರಿಸಬಹುದು. ಆದರೆ ನೀರು ಒಂದೆಡೆ ನಿಲ್ಲದೆ ಮಣ್ಣಿನಲ್ಲಿ ಇಂಗುವಂತೆ ಗುಂಡಿಗೆ ಜಲ್ಲಿ ಮತ್ತು ತೆಂಗಿನ ಸಿಪ್ಪೆಯನ್ನು ತುಂಬಬೇಕು. ಒಂದೆಲಗದ ವಿಷಯದಲ್ಲಿ ಎಚ್ಚರವಿರಲಿ. ತಂಬುಳಿಗೆ ಇದನ್ನು ಹಸಿಯಾಗಿಯೇ ಅರೆಯುತ್ತೇವಷ್ಟೆ. ಕೊಳೆನೀರು ಹರಿಯುವ ಕಡೆ ಬೆಳೆದ, ಮಕ್ಕಳು ಮಲವಿಸರ್ಜನೆ ಮಾಡುವ ಕಡೆ ಬೆಳೆದ, ಹಸಿ ಕೋಳಿಗೊಬ್ಬರ ಹಾಕಿದ ಒಂದೆಲಗದಿಂದ ಜಂತುಹುಳು, ಆಮಶಂಕೆ, ವಿಷಮಶೀತ ಜ್ವರಗಳು ಹರಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಾವಿಯ ಶುದ್ಧ ನೀರನ್ನೇ ಮೀಸಲಿಡಿ. ಕೊಯ್ದ ಬಳಿಕ ಎರಡು ಮೂರು ಬಾರಿ ತೊಳೆಯಿರಿ. ಗರ್ಭಿಣಿಯರಿರುವ ಮನೆಯಲ್ಲಿ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ ಅರೆಯುವುದೇ ಲೇಸು. ರುಚಿಗೇನೂ ಕುಂದಿಲ್ಲ.

ಅಡಿಕೆ ಮರಗಳಿಗೆ ಕೊಳೆರೋಗದ ಔಷಧಿ ಸಿಂಪಡಿಸುವ ದಿನಗಳಲ್ಲಿ ಮೈಲುತುತ್ತದ ನೀರು ಕೆಳಗಿನ ಗಿಡಗಳ ಮೇಲೂ ಸುರಿಯುತ್ತದೆ. ಆದಕಾರಣ ತರಕಾರಿ ಮಡಿಯನ್ನು ತೋಟದೊಳಗೆ ಮಾಡದೆ ಅಡಿಗೆಮನೆಯ ಸಮೀಪದಲ್ಲೇ ಮಾಡಿರಿ. ಅರ್ಧ ಗುಂಟೆ ಜಾಗವಿದ್ದರೂ ಸಾಕು. ಮಳೆಗಾಲಕ್ಕೆ ಏರುಮಡಿ ಅಗತ್ಯ, ಇಲ್ಲದಿದ್ದಲ್ಲಿ ಹರಿವೆಯ ಬೇರು ಕೊಳೆಯುತ್ತದೆ.

ಸೊಪ್ಪನ್ನು ಬೇಯಿಸುವ ಬಗೆ

ಹರಿವೆ, ನುಗ್ಗೆ, ಬಸಳೆ, ಕೆಸು ಇವುಗಳಲ್ಲಿ ಕಬ್ಬಿಣದ ಅಂಶವುಂಟು. ಆದರೆ ಸೊಪ್ಪಿನಲ್ಲಿರುವ ಕಬ್ಬಿಣವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಸ್ವಲ್ಪ ಭಾಗವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಊಟದ ಜೊತೆಗೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಅವುಗಳಲ್ಲಿರುವ ‘ಸಿ’ ಜೀವಸತ್ತ್ವದಿಂದ ಈ ಭಾಗವು ಹೆಚ್ಚುತ್ತದೆ. ನಿಂಬೆರಸವನ್ನು ಒಲೆಯ ಮೇಲೆ ಕುದಿಸದೆ, ಇಳಿಸಿದ ಮೇಲೆ ಹಿಂಡಬೇಕು. ಇದಕ್ಕೆ ವಿರುದ್ಧವಾಗಿ ಊಟವಾದೊಡನೆ ಕುಡಿಯುವ ಚಹಾ ಮತ್ತು ಕಾಫಿಯು ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ಸೇರಗೊಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ನಮ್ಮ ಕಡೆಯ ಮಳೆ ಚಳಿಗೆ ಇದು ಕಷ್ಟದ ಸಲಹೆಯೆಂದು ಬಲ್ಲೆ, ಆದರೂ ಗರ್ಭಿಣಿಯರು ಪಾಲಿಸಲೇಬೇಕು.

‘ಎ’ ಜೀವಸತ್ತ್ವವು ಇರುಳುಗಣ್ಣನ್ನು ತಡೆಯುತ್ತದೆ. ಅದು ಜಿಡ್ಡಿನೊಡನೆ ಮಾತ್ರ ದೇಹಕ್ಕೆ ಇಳಿಯುವುದರಿಂದ ಮಕ್ಕಳ ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯನ್ನೋ ತೆಂಗಿನ ತುರಿಯನ್ನೋ ಸೇರಿಸಿರಿ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನೊಡನೆ, ನುಗ್ಗೆಸೊಪ್ಪನ್ನು ಬೇಯಿಸಿ ನುಣ್ಣಗೆ ಮಸೆದು ಮೆತ್ತನೆಯ ಅನ್ನ ಬೇಳೆಗೆ ಕಲಸಿ ತಿನ್ನಿಸಬಹುದು.

ಕೆಸುವಿನ ಎಲೆಯಲ್ಲಿ ಗಂಟಲನ್ನು ತುರಿಸುವ ಸೂಜಿಯಂತಹ ಹರಳುಗಳಿವೆ. ಪತ್ರೊಡೆಗೆ ಹುಣಸೆಹುಳಿ ಹಚ್ಚಿ ಚೆನ್ನಾಗಿ ಹಬೆಯಲ್ಲಿ ಬೇಯಿಸುವ ನಮ್ಮ ಪದ್ಧತಿ ಸರಿಯಾದುದೇ. ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸುವುದೂ ಬರಿಯ ಸಂಪ್ರದಾಯವಲ್ಲ. ಹಸಿ ಕಳಲೆಯಲ್ಲಿ ಸೈನೈಡ್ ವಿಷವನ್ನು ಬಿಡುವ ಪದಾರ್ಥವಿದ್ದು, ಅದು ಆ ನೀರಿನೊಡನೆ ಹೋಗುತ್ತದೆ. ಚಕ್ರಮುನಿಯನ್ನು ‘ವಿಟಮಿನ್ ಸೊಪ್ಪು’ ಎಂದು ಹೊಗಳುತ್ತಾರೆ. ಹೊಗಳಿಕೆ ನ್ಯಾಯವೇ. ಆದರೆ 1994-95ರಲ್ಲಿ ತೈವಾನ್ ದೇಶದಲ್ಲಿ ಮೈ ಇಳಿಸುವ ಆಸೆಯಿಂದ ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶ ಕೆಟ್ಟು ಹೋಯಿತು. ಬೇಯಿಸಿ, ಇತರ ಸೊಪ್ಪುಗಳೊಡನೆ, ಆಗಾಗ ಉಪಯೋಗಿಸಿರಿ.

ಬಾಣಂತಿಗೆ ಬಸಳೆ ನಂಜು, ಬದನೆ ನಂಜು ಎಂದು ಮನೆಯ ಹಿರಿಯರು ಹೇಳುವುದುಂಟು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೆ ತಿಂಗಳುಗಟ್ಟಲೆ ಸೊಪ್ಪು ತರಕಾರಿ ನಿಷೇಧಿಸಿದರೆ ಆಕೆ ಚೇತರಿಸಿಕೊಳ್ಳುವುದು ಹೇಗೆ? ಬೇಯಿಸಿದ ಸೊಪ್ಪಿನಿಂದ ಹೆರಿಗೆಯ ಗಾಯಕ್ಕೆ ನಂಜೇರುವುದಿಲ್ಲ. ಹಿರಿಯರೊಡನೆ ವಾದಕ್ಕಿಳಿಯದೆ, ಅವರು ಒಪ್ಪುವ ಹರಿವೆ ನುಗ್ಗೆಗಳಿಂದಲೇ ಆರಂಭಿಸಿರಿ. ಚೆನ್ನಾಗಿ ಮಾಗಿದ ಪಪ್ಪಾಯಿಯಿಂದ ಗರ್ಭಕ್ಕೆ ಹಾನಿಯಿಲ್ಲ. ಹಾಲು ಸೋರುವ ಕಾಯಿಯನ್ನು ಮಾತ್ರ ಗರ್ಭಿಣಿಯರು ತಿನ್ನಬಾರದು.

ಸೊಪ್ಪು ತಿನ್ನುತ್ತೇವೆ, ಮಾತ್ರೆ ಏಕೆ ಎಂದು ಕೇಳುವವರಿದ್ದಾರೆ. ಗರ್ಭಿಣಿಯ ದೇಹವು ಬೇಡುವ ಕಬ್ಬಿಣವನ್ನು ಯಾವ ಹಿತ್ತಲೂ ಪೂರೈಸಲಾರದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಲೇಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಡನೆ ನುಂಗದೆ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿರಿ.

ಬರಿಗಾಲು

ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕೊನೆಗೆ ಕರುಳಿನಲ್ಲಿ ನೆಲೆಸಿ ದಿನವೂ ರಕ್ತ ಹೀರುತ್ತವೆ. ಹಿತ್ತಲಿಗೂ ತೋಟಕ್ಕೂ ಚಪ್ಪಲಿ ಮೆಟ್ಟಿಯೇ ಹೋಗಬೇಕು, ಮಲವಿಸರ್ಜನೆಗೆ ಶೌಚಾಲಯವನ್ನೇ ಉಪಯೋಗಿಸಬೇಕು. ಗರ್ಭಿಣಿಗೆ ಮೂರು ತಿಂಗಳು ತುಂಬಿದ ಮೇಲೆ ಜಂತುಹುಳುವಿನ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ದರಗು ಮತ್ತು ಮಂಗನ ಕಾಯಿಲೆ

ಗಿಡದ ಬುಡಕ್ಕೆ ಒಣ ಎಲೆ ಮುಚ್ಚುವುದರಿಂದ ತೇವ ಉಳಿಯುತ್ತದೆ, ಮಣ್ಣು ಹದವಾಗುತ್ತದೆ. ಬೇಸಾಯದ ಪುಸ್ತಕಗಳೆಲ್ಲವೂ ಇದನ್ನು ಹೇಳುತ್ತವೆ. ಆದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಆ ಎಲೆ ಎಲ್ಲಿಂದ ಬಂದಿತು ಎಂಬುದು ಪ್ರಾಣದ ಪ್ರಶ್ನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲಿಗೆ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಕಾಡಿನ ಉಣುಗುಗಳು ಕಚ್ಚುವುದರಿಂದ ಬರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಈ ಕಾಯಿಲೆಯಿಂದ ಪ್ರಾಣ ಕಳೆದುಕೊಂಡುದನ್ನು ನೀವು ಮರೆತಿರಲಾರಿರಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ. ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುವ ಕಾಲವೂ ಅದೇ. ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ದರಗಿನ ಮಂಕರಿಯೊಡನೆ ಮನೆಯ ಅಂಗಳಕ್ಕೇ ಬಂದೀತು. ಹಿಂದೆ ಕೊಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ದೊಡ್ಡ ರಕ್ಷಣೆ.

ಈ ಆರು ತಿಂಗಳು ಹಿತ್ತಲಿನ ಮುಚ್ಚಿಗೆಗೆ ಕಾಡಿನ ದರಗನ್ನು ತರಲೇಬೇಡಿ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಗರಿ, ಬಾಳೆಯ ದಿಂಡು, ಕಿತ್ತ ಕಳೆ ಇವು ಮನೆಯಲ್ಲೇ ಬೇಕಾದಷ್ಟು ಸಿಕ್ಕುತ್ತವೆ. ಕೊಟ್ಟಿಗೆಗೆಂದು ಬೆಟ್ಟಕ್ಕೆ ಹೋಗಲೇಬೇಕಾದವರು ಮೈ ಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯು ಕೊಡುವ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಂಡು ಹೋಗಿ, ಹಿಂದಿರುಗಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸಾಬೂನಿನಿಂದ ಸ್ನಾನ ಮಾಡತಕ್ಕದ್ದು. ಮಂಗ ಸತ್ತ ಜಾಗದ ಕಡೆ ಸುಳಿಯಬಾರದು, ಮುಟ್ಟದೆ ಸುದ್ದಿಯನ್ನು ಮಾತ್ರ ತಲುಪಿಸಿರಿ. ಹಠಾತ್ತನೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಂಡರೆ ಅಂದೇ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಕೋಳಿಗಳು ಉಣುಗುಗಳನ್ನು ಹೆಕ್ಕಿ ತಿಂದು ಮುಗಿಸುತ್ತವೆ ಎಂಬ ನಂಬಿಕೆಯ ಮೇಲೆ ಈ ಎಚ್ಚರವನ್ನು ಸಡಿಲಿಸಬೇಡಿ.

ಮಳೆಗಾಲದಲ್ಲಿ ಬಿದ್ದ ಅಡಿಕೆ ಹಾಳೆ, ಬಿಸಾಡಿದ ಕರಟಗಳನ್ನು ಮಗುಚಿ ಹಾಕಿರಿ. ಅವುಗಳಲ್ಲಿ ನಿಂತ ಬೊಗಸೆ ನೀರಿನಲ್ಲೇ ಡೆಂಗಿಯ ಸೊಳ್ಳೆ ಬೆಳೆಯುತ್ತದೆ.

ನಾಲ್ಕಾರು ಕೋಳಿಗಳು

ಕೋಳಿ ಸಾಕುವ ಪದ್ಧತಿಯಿಲ್ಲದ ಮನೆಯವರು ಹಾಲು, ಮಜ್ಜಿಗೆ, ಬೇಳೆಕಾಳುಗಳಿಂದ ಸಸಾರಜನಕವನ್ನು ಪಡೆಯಬಹುದು. ಸಾಕುವವರಿಗೆ ನಾಲ್ಕು ಹೇಟೆ, ಒಂದು ಹುಂಜ ಸಾಕು. ನಾಟಿ ಹೇಟೆಯು ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಕೊಡುತ್ತದೆ, 21 ದಿನ ಕಾವು ಕೂತು ಮರಿಯನ್ನೂ ಮಾಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯು ಹೆಚ್ಚು ಮೊಟ್ಟೆ ಇಡುತ್ತದೆಯಾದರೂ ಕಾವಿಗೆ ಕೂರುವುದು ಅಪರೂಪ. ನಾಟಿಯೊಂದನ್ನು ಜೊತೆಗಿಟ್ಟುಕೊಂಡರೆ ಅನುಕೂಲ.

ನುಚ್ಚು, ತೌಡು, ಗೆದ್ದಲು, ಅಡಿಗೆಮನೆಯ ಉಳಿಕೆ ಇವು ಕೋಳಿಯ ಆಹಾರ. ಬೂಸಲು ಬಂದ ಕಾಳನ್ನು ಹಾಕಬಾರದು. ಕೆದಕುವುದು ಕೋಳಿಯ ಸ್ವಭಾವವಾದುದರಿಂದ ಸಸಿಮಡಿಗೆ ಬಿದಿರಿನ ಬೇಲಿ ಬೇಕು. ಬೆಳೆ ತೆಗೆದ ಮಡಿಗೆ ಬಿಟ್ಟರೆ ಅವೇ ಹುಳು ಆರಿಸಿ ಗೊಬ್ಬರ ಹಾಕುತ್ತವೆ. ಗೂಡಿನ ಗೊಬ್ಬರವನ್ನು ಒಣ ಕಸದೊಡನೆ ಕೆಲವು ತಿಂಗಳು ಕಳಿಸಿದ ಮೇಲೆಯೇ ಬಳಸಿರಿ. ಕೊಕ್ಕರೆ ರೋಗವು ಬಂದರೆ ಒಂದೇ ವಾರದಲ್ಲಿ ಗೂಡು ಬರಿದಾಗುವುದು. ಅದಕ್ಕೆ ಲಸಿಕೆಯುಂಟು. ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟು ಔಷಧಿ ಇರುವುದರಿಂದ ಕೇರಿಯವರೆಲ್ಲರೂ ಕೂಡಿ ಒಂದೇ ದಿನ ಹಾಕಿಸುವುದು ಜಾಣತನ. ರೋಗದಿಂದ ಸತ್ತ ಕೋಳಿಯನ್ನು ಅಡಿಗೆ ಮಾಡದೆ ಆಳವಾಗಿ ಹೂಳಬೇಕು.

ರಾತ್ರಿ ಕಾಡುಬೆಕ್ಕಿನ ಭಯದಿಂದ ಕೋಳಿಗಳನ್ನು ಮಲಗುವ ಕೋಣೆಯಲ್ಲೇ ಬುಟ್ಟಿ ಮುಚ್ಚಿಡುವುದುಂಟು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದು ಸಲ್ಲದು. ಕೋಳಿಯ ಹಿಕ್ಕೆ ಮಗುವಿನ ಬಾಯಿಗೆ ಹೋಗಿ ಭೇದಿಯಾದರೆ, ಮೊಟ್ಟೆಯಿಂದ ಬಂದ ಪುಷ್ಟಿಗಿಂತ ಹೆಚ್ಚು ಹೊರಟುಹೋಗುತ್ತದೆ. ಹೊರಗೆ ನೆಲದಿಂದ ಎರಡಡಿ ಎತ್ತರದಲ್ಲಿ ಗಟ್ಟಿ ಬಾಗಿಲಿನ ಗೂಡು ಕಟ್ಟಿರಿ. ಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ತಿನ್ನಿರಿ.

ಮೊಟ್ಟೆ ಯಾರ ತಟ್ಟೆಗೆ?

ಮನೆಗೆ ನೆಂಟರು ಬಂದರೆ ಮೊಟ್ಟೆ ಅವರಿಗೆ, ಇಲ್ಲದಿದ್ದರೆ ಗಂಡನಿಗೆ, ಉಳಿದುದು ಸಂತೆಗೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತ ಗರ್ಭಿಣಿಗೆ ಸಾರಿನ ತಿಳಿ. ಹೀಗಿರುವ ಮನೆಗಳಿನ್ನೂ ಇವೆ. ಗಂಡಂದಿರಿಗೆ ನೇರವಾಗಿ ಹೇಳುತ್ತೇನೆ: ಮೊದಲ ಮೊಟ್ಟೆ ಗರ್ಭಿಣಿಗೆ ಇಲ್ಲವೆ ಬಾಣಂತಿಗೆ, ಎರಡನೆಯದು ಚಿಕ್ಕ ಮಗುವಿಗೆ. ಅನಂತರ ಮಿಕ್ಕಿದ್ದನ್ನು ಮಾರಬಹುದು. ಅಂಗನವಾಡಿಯಲ್ಲಿ ಊಟ ಮೊಟ್ಟೆ ದೊರೆಯುತ್ತಿದ್ದರೂ ಮನೆಯ ಪಾಲನ್ನು ಕಡಿತಗೊಳಿಸಕೂಡದು.

ಒಂದು ಹೆರಿಗೆಯಲ್ಲಿ ಬರಿದಾದ ಕಬ್ಬಿಣದ ಸಂಗ್ರಹವು ತುಂಬಲು ಕಾಲ ಬೇಕು. ಹೆರಿಗೆಯಾಗಿ ಎರಡು ವರ್ಷ ಕಳೆಯುವ ಮೊದಲೇ ಮತ್ತೆ ಗರ್ಭವಾದರೆ ಎಂತಹ ಹಿತ್ತಲಿದ್ದರೂ ತಾಯಿಯ ರಕ್ತ ಮೇಲೇಳುವುದಿಲ್ಲ. ಅಂತರ ಕಾಪಾಡುವ ವಿಧಾನಗಳನ್ನು ಆಶಾ ಕಾರ್ಯಕರ್ತೆಯರಿಂದ ಇಬ್ಬರೂ ಕೇಳಿ ತಿಳಿಯಿರಿ.

ಅಗೆತ, ಗುಂಡಿ ತೋಡುವುದು, ಕೊಡ ಹೊರುವುದು ಗಂಡನ ಕೆಲಸವಾಗಲಿ. ಗರ್ಭಿಣಿಯು ಬಿತ್ತುವುದು, ಕೊಯ್ಯುವುದು ಮಾಡಿದರೆ ಸಾಕು. ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿದ್ದೊಡನೆ ಏರುಮಡಿ ಸಿದ್ಧವಿರಲಿ. ಬಸಳೆಯ ಕುಡಿ, ಚಕ್ರಮುನಿಯ ಕಡ್ಡಿ, ನುಗ್ಗೆಯ ಗೂಟಗಳು ನೆರೆಮನೆಯಲ್ಲಿ ಕೇಳಿದರೆ ದುಡ್ಡಿಲ್ಲದೆ ದೊರೆಯುತ್ತವೆ. ನುಗ್ಗೆಯನ್ನು ಮಾತ್ರ ನೀರು ನಿಲ್ಲದ ದಿಬ್ಬದ ಮೇಲೆ ನೆಡಿರಿ.