ಪುಕ್ಕಟೆ ಗುಳಿಗೆಯ ಖರ್ಚು

ಎಚ್‌ಐವಿ ಹೇಗೆ ಹರಡುತ್ತದೆ ಎಂದು ಕೇಳಿದರೆ ಬಾಗಲಕೋಟೆ, ವಿಜಯಪುರ ಸೀಮೆಯ ಹೆಣ್ಣುಮಕ್ಕಳು ಬೆರಳು ಮಡಿಚಿ ನಾಲ್ಕು ದಾರಿ ಹೇಳುತ್ತಾರೆ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಇನ್ನೊಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ. ಗೋಡೆಬರಹ, ಬೀದಿನಾಟಕ, ಆಶಾ ಕಾರ್ಯಕರ್ತೆಯರ ಮಾತು ಎಲ್ಲ ಸೇರಿ ಅಷ್ಟು ಕೆಲಸ ಮಾಡಿವೆ. ತಾಲ್ಲೂಕು ಆಸ್ಪತ್ರೆಯೊಂದರ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದಾಗ ನನ್ನೆದುರು ಪಾಸಿಟಿವ್ ವರದಿ ಹಿಡಿದು ಕೂತವರಲ್ಲಿ ಬಹಳ ಜನಕ್ಕೆ ಈ ಪಾಠ ಬಾಯಿಗೇ ಬರುತ್ತಿತ್ತು. ಕಲಿತದ್ದನ್ನು ನಡೆಸಲು ಬೇಕಾದ ದುಡ್ಡು ಕೈಯಲ್ಲಿರಲಿಲ್ಲ, ಮನೆಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ.

ಒಬ್ಬಾಕೆಯ ಕಥೆ ಹೇಳಿದರೆ ಹತ್ತಾರು ಮಂದಿಯದು ಹೇಳಿದಂತೆ. ಏಳನೇ ತರಗತಿ ಪಾಸಾದಳು; ಹೈಸ್ಕೂಲು ಇದ್ದದ್ದು ಪಕ್ಕದೂರಲ್ಲಿ. ಮೈನೆರೆದ ಮಗಳನ್ನು ಅಷ್ಟು ದೂರ ಕಳಿಸಲು ಮನೆಯವರು ಒಪ್ಪಲಿಲ್ಲ. ಹದಿನೆಂಟು ತುಂಬುವ ಮೊದಲೇ ಮದುವೆಯಾಯಿತು. ಮಳೆ ಕೈಕೊಟ್ಟ ವರ್ಷ ಗಂಡ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ, ಹಬ್ಬಕ್ಕಷ್ಟೇ ಬರುತ್ತಿದ್ದ.

"ಅಲ್ಲಿ ಹೆಂಗ ಇರ್ತಾನೋ ಅಂತ ಮನಸ್ನ್ಯಾಗ ಇತ್ರಿ ಅಕ್ಕಾರ. ಕಾಂಡೋಮ್ ಹಾಕ್ಕೋ ಅಂದ್ರ, ನನ್ನ ಮ್ಯಾಲ ಸಂಶೆ ಏನ್ ಅಂತಾನ. ತವರಿಗೆ ನಡಿ ಅಂದ್ರ ನಾ ಎಲ್ಲಿ ಹೋಗ್ಲಿ?"

ಸೋಂಕು ಗೊತ್ತಾದದ್ದು ಬಸಿರಿನ ತಪಾಸಣೆಯಲ್ಲಿ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45; ಸಕಾಲಕ್ಕೆ ಗುಳಿಗೆ ಶುರುವಾದರೆ 5ಕ್ಕಿಂತ ಕಡಿಮೆ. ಆಕೆಯ ಮಗುವಿಗೆ ಸೋಂಕು ಬರಲಿಲ್ಲ.

ಮಳೆ ನಂಬಿದ ಬೇಸಾಯ, ಗುಳೆ, ದೇವದಾಸಿ ಪದ್ಧತಿ ಮೂರೂ ಕೂಡಿದ ಈ ಸೀಮೆಯಲ್ಲಿ ಸೋಂಕು ಬೇರೂರಿದ್ದು ಆಕಸ್ಮಿಕವಲ್ಲ. ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಭೂಮಿಯಿಲ್ಲದ ದಲಿತ ಮನೆಗಳ ಹೆಣ್ಣುಮಕ್ಕಳು. ಕಾಯ್ದೆಯ ಜೊತೆ ಹೊಲವಾಗಲಿ ಬೇರೆ ದುಡಿಮೆಯಾಗಲಿ ಎಲ್ಲರಿಗೂ ಬರಲಿಲ್ಲ; ಹಲವರಿಗೆ ಲೈಂಗಿಕ ವೃತ್ತಿಯೇ ಉಳಿಯಿತು. ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆ ಯೋಜನೆ ‘ಆವಾಹನ್’ 2003ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಶುರುವಾದಾಗ ಮೊದಲ ಗಮನ ಕಾಂಡೋಮ್ ಹಂಚಿಕೆ, ಗುಪ್ತರೋಗಗಳ ಚಿಕಿತ್ಸೆಯ ಮೇಲಿತ್ತು. ಲೈಂಗಿಕ ವೃತ್ತಿಯ ಹೆಂಗಸರು ಮುಂದಿಟ್ಟ ತಕರಾರು ಬೇರೆಯೇ. ಕಾಂಡೋಮ್ ಬೇಡವೆನ್ನುವ ಗಿರಾಕಿ ಹೆಚ್ಚು ದುಡ್ಡು ಕೊಡುತ್ತಾನೆ. ಮಗುವಿಗೆ ಜ್ವರ ಬಂದ ರಾತ್ರಿ ಅವನನ್ನು ಹೇಗೆ ವಾಪಸು ಕಳಿಸುವುದು? ಸಂಘ ಕಟ್ಟಿ ಉಳಿತಾಯ ಮಾಡಿಕೊಂಡ ಕಡೆ, ರೇಷನ್ ಕಾರ್ಡು ಕೈಗೆ ಬಂದ ಕಡೆ, ಆ ರಾತ್ರಿಯ ಖರ್ಚಿಗೆ ಇನ್ನೊಂದು ದಾರಿ ಸಿಕ್ಕಿತು.

ಶಾಲೆಯ ವಿಷಯ ಇನ್ನೂ ಸೂಕ್ಷ್ಮ. ಆಫ್ರಿಕಾದ ಹಲವೆಡೆ ಮೊದಮೊದಲು ಸೋಂಕು ಓದಿದವರಲ್ಲೇ ಹೆಚ್ಚಿತ್ತು. ಸಂಬಳ, ಓಡಾಟ, ಪಟ್ಟಣದ ಸಹವಾಸ ಇದ್ದದ್ದು ಅವರಿಗೆ. ಮಾಹಿತಿ ಹಬ್ಬಿದಂತೆ ಮೊದಲು ಎಚ್ಚೆತ್ತವರೂ ಅವರೇ. ಬೋಟ್ಸ್ವಾನಾ 1996ರಲ್ಲಿ ಪ್ರೌಢಶಿಕ್ಷಣದ ಹಂತಗಳನ್ನು ಬದಲಿಸಿ, ಹತ್ತನೇ ತರಗತಿಯ ತನಕ ಹೆಚ್ಚು ಮಕ್ಕಳು ಓದುವಂತೆ ಮಾಡಿತು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಶೋಧಕರು ಲೆಕ್ಕ ಹಾಕಿದಾಗ, ಒಂದು ವರ್ಷದ ಹೆಚ್ಚಿನ ಓದಿಗೆ ಸೋಂಕಿನ ಸಂಭವ ನೂರಕ್ಕೆ ಸುಮಾರು 8ರಷ್ಟು ಇಳಿದಿತ್ತು. ಮಲಾವಿಯ ಜೋಂಬಾದಲ್ಲಿ ಶಾಲೆಗೆ ಹೋಗುವ ಹುಡುಗಿಯರಿಗೂ ಅವರ ಮನೆಗೂ ಪ್ರತಿ ತಿಂಗಳು ಹಣ ಕೊಟ್ಟರು. ಒಂದೂವರೆ ವರ್ಷದ ಬಳಿಕ ಹಣ ಪಡೆದವರಲ್ಲಿ ಎಚ್‌ಐವಿ ನೂರಕ್ಕೆ 1.2, ಪಡೆಯದವರಲ್ಲಿ 3. ದಕ್ಷಿಣ ಆಫ್ರಿಕಾದಲ್ಲಿ ಇಂಥದೇ ಪ್ರಯೋಗ ನಡೆದಾಗ ಹಣದಿಂದ ಅಂತರ ಕಾಣಲಿಲ್ಲ, ಏಕೆಂದರೆ ಹುಡುಗಿಯರು ಹೆಚ್ಚುಕಡಿಮೆ ಎಲ್ಲರೂ ಮೊದಲೇ ಶಾಲೆಯಲ್ಲಿದ್ದರು. ಶಾಲೆ ತಪ್ಪಿಸಿದವರಿಗೇ ಅಲ್ಲೂ ಸೋಂಕು ಹೆಚ್ಚು ತಗಲಿತು.

ಇದನ್ನೆಲ್ಲ ಓದುವಾಗ ನನಗೆ ಕಂಡದ್ದು ಆರೋಗ್ಯ ಪಾಠದ ಮಹಿಮೆಯಲ್ಲ. ತರಗತಿಯಲ್ಲಿ ಕೂತ ಹುಡುಗಿಯ ಮದುವೆ ಮುಂದಕ್ಕೆ ಹೋಗುತ್ತದೆ. ಗೆಳೆತನ ಓರಗೆಯವರೊಂದಿಗೆ ಉಳಿಯುತ್ತದೆ. ನಮ್ಮಲ್ಲಿ 2006–07ರಿಂದ ಎಂಟನೇ ತರಗತಿಯವರಿಗೆ ಸರ್ಕಾರ ಕೊಟ್ಟ ಸೈಕಲ್ಲು ಪಕ್ಕದೂರಿನ ಹೈಸ್ಕೂಲನ್ನು ಎಷ್ಟೋ ಮನೆಗಳಿಗೆ ಹತ್ತಿರ ಮಾಡಿತು. ಎಚ್‌ಐವಿ ತಡೆಯ ಲೆಕ್ಕದಲ್ಲಿ ಆ ಸೈಕಲ್ಲನ್ನು ಯಾರೂ ಬರೆಯುವುದಿಲ್ಲ.

ಸೋಂಕು ಬಂದ ಮೇಲೂ ಇದೇ ಲೆಕ್ಕ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ದೇಶದಲ್ಲಿ 2004ರ ಏಪ್ರಿಲ್‌ನಿಂದ ಉಚಿತ. ನಿತ್ಯ ನುಂಗಿದರೆ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿಯುತ್ತದೆ, ಹಾಗೆ ಇಳಿದವರಿಂದ ಸಂಗಾತಿಗೆ ದಾಟುವುದಿಲ್ಲ. ತಪ್ಪಿಸಿದವರನ್ನು ಕೇಳಿದರೆ ಉತ್ತರ ಒಂದೇ: "ಗುಳಿಗಿ ಪುಕ್ಕಟ ಐತ್ರಿ, ಖರೆ. ಬಸ್ ಚಾರ್ಜು, ಒಂದಿನದ ಪಗಾರ ಯಾರ್ ಕೊಡ್ತಾರ್ರಿ?" 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದು ಹೆಂಗಸರ ಬಸ್ ಚಾರ್ಜು ಉಳಿಯಿತು. ಎಆರ್‌ಟಿ ಕೇಂದ್ರದಲ್ಲಿ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟರೆ ಪಗಾರವೂ ಉಳಿಯುತ್ತದೆ.

ಗಂಡಸರ ಕಷ್ಟ ಹಾಗೇ ಇದೆ. ಗೋವಾದ ಶೆಡ್ಡಿನಲ್ಲಿ ಊರಿನವರೇ ನಾಲ್ಕು ಮಂದಿ ಒಟ್ಟಿಗೆ ಮಲಗುವಾಗ ಗುಳಿಗೆ ಡಬ್ಬಿ ಇಡುವುದೆಲ್ಲಿ? ಕೆಲಸದ ಊರಿನ ಕೇಂದ್ರಕ್ಕೆ ದಾಖಲೆ ವರ್ಗ ಮಾಡಿಸಿಕೊಳ್ಳಬಹುದು. ಗುಟ್ಟು ರಟ್ಟಾಗುವ ಭಯಕ್ಕೆ ಎಷ್ಟೋ ಜನ ಒಪ್ಪುವುದಿಲ್ಲ. ಎಚ್‌ಐವಿ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಆದರೆ ದಿನಗೂಲಿಯವನಿಗೆ ಮೇಸ್ತ್ರಿ ಕಾರಣ ಹೇಳುವುದೇ ಇಲ್ಲ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಹಾಗಾಗಿ ಮುಂದಿನ ಭೇಟಿಯ ದಿನ ಗೊತ್ತು ಮಾಡುವಾಗ ನಾವು ಪಂಚಾಂಗ ನೋಡುತ್ತಿದ್ದೆವು: ಯುಗಾದಿಗೆ ಬಂದವನ ರಕ್ತಪರೀಕ್ಷೆ ಆಗಲೇ ಆಗಬೇಕು, ನಡುವಿನ ಗುಳಿಗೆ ಹೆಂಡತಿ ಒಯ್ಯಬೇಕು, ನಾಗರಪಂಚಮಿಗೆ ಅವನು ಮತ್ತೆ ಬರಬೇಕು.