ರಾತ್ರಿ ಹಾಸಿಗೆ ಒದ್ದೆಯಾದರೆ ನಾಚಿಕೆ ಬೇಡ

ಗಾಜನೂರಿನ ಅಕ್ಕಂದಿರೇ, ನಿದ್ದೆಯಲ್ಲಿ ಮೂತ್ರ ಸೋರುತ್ತದೆಂದು ನೀರು ಕುಡಿಯುವುದನ್ನೇ ನಿಲ್ಲಿಸಬೇಡಿ. ಕುಡಿಯದಿದ್ದರೆ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಹಗಲು ಚೆನ್ನಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ಸಂಜೆಯ ಕಾಫಿ ಬಿಡುವುದು ಮಲೆನಾಡಿನವರಿಗೆ ಕಷ್ಟವೇ, ಆದರೂ ಬಿಟ್ಟು ನೋಡಿ. ದಿನವಿಡೀ ನಿಂತು ಕಾಲು ಬಾತಿದ್ದರೆ ಸಂಜೆ ದಿಂಬಿನ ಮೇಲಿಟ್ಟುಕೊಳ್ಳಿ: ಕಾಲಲ್ಲಿ ಸೇರಿದ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತದೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಸಡಿಲಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗಲ್ 1948ರಲ್ಲಿ ವಿವರಿಸಿದ ವ್ಯಾಯಾಮವಿದು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಉರಿ, ರಕ್ತ, ಜ್ವರ ಕಂಡರೆ ಅಥವಾ ಸಕ್ಕರೆ ಕಾಯಿಲೆಯ ಅನುಮಾನವಿದ್ದರೆ ಕಾಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ.